ಸೂಜಿಮನೆಯ ಕೆಮ್ಮು

ಆದೋನಿಯ ಕೋಟೆಗುಡ್ಡದ ಬುಡದಲ್ಲಿ ಮರಿಬಸಪ್ಪ ಮೇಷ್ಟರ ಮನೆ. ಕನ್ನಡ ಶಾಲೆಯಿಂದ ನಿವೃತ್ತರಾದ ಮೇಲೆ ಅವರು ಮಹಡಿಯನ್ನು ಬಾಡಿಗೆಗೆ ಕೊಟ್ಟದ್ದು ಒಬ್ಬ ಡಾಕ್ಟರಮ್ಮನಿಗೆ. ಬಂದು ಕೂತದ್ದು ಮಾತ್ರ ಒಬ್ಬ ಪತ್ತೇದಾರಳು. ನಾಗಜ್ಯೋತಿಯದು ನಾಡಿ ಹಿಡಿದು ಮಾತ್ರೆ ಬರೆಯುವ ವೈದ್ಯವಲ್ಲ. ಯಾವ ಊರಿನ ಮಕ್ಕಳಿಗೆ ಲಸಿಕೆ ತಪ್ಪಿದೆ, ಏಕೆ ತಪ್ಪಿದೆ, ಹಾಕಿಸಿದ ಮೇಲೂ ಕಾಯಿಲೆ ಬಂದರೆ ಅದು ಯಾವ ಸಂದಿಯಿಂದ ನುಸುಳಿತು ಎಂದು ಬೆನ್ನು ಹತ್ತುವ ಸಂಶೋಧನೆ ಅವಳದು. ಅವಳು ಕೌತಾಳಂ ಕಡೆ ಹೋಗಲಿ, ಹೊಳಗುಂದದ ಕಡೆ ಹೋಗಲಿ, ಹಿಂದೆ ಛತ್ರಿ ಹಿಡಿದು ಮೇಷ್ಟರು. ಮನೆ ಕೊಟ್ಟವನೇ ಬಾಲಂಗೋಚಿಯಾದ ಎಂದು ಓಣಿ ನಗುತ್ತಿತ್ತು. ನಗಲಿ ಬಿಡಿ, ಮೇಷ್ಟರಿಗೆ ಅದರಲ್ಲಿ ಸುಖವಿತ್ತು.

ಆದರೆ ಕೆಂಚನಬಾವಿಯ ಪ್ರಕರಣವನ್ನು ಅವರು ಯಾರ ಮುಂದೆಯೂ ನಗುತ್ತಾ ಹೇಳಿದ್ದಿಲ್ಲ.

ಅದು ಶುರುವಾದದ್ದು ಹತ್ತಿ ಬಿಡಿಸುವ ಕಾಲದಲ್ಲಿ. ಬೆಳಗಿನ ಕಾಫಿ ಇನ್ನೂ ಲೋಟದಲ್ಲಿರುವಾಗಲೇ ಲಾವಣ್ಯ ಎಂಬ ನರ್ಸು ಮೆಟ್ಟಿಲೇರಿ ಬಂದು, ಕೂರಮ್ಮ ಎನ್ನುವ ಮೊದಲೇ ನೆಲದ ಮೇಲೆ ಕುಸಿದು ಕೂತಳು. ಹೊಳಗುಂದದಾಚೆಯ ಕೆಂಚನಬಾವಿಯಲ್ಲಿ ಮಕ್ಕಳಿಗೆ ಲಸಿಕೆ ಹಾಕುವವಳು ಅವಳೇ.

“ಮೇಡಂ, ನಾನು ನೀರು ಚುಚ್ಚಿಲ್ರಿ. ದೇವುಡಿ ಮೀದ ಒಟ್ಟು, ದೇವರಾಣಿ. ಅಸಲಿ ಮದ್ದು ಮಾರಿಕೊಂಡು ಕೂಸುಗಳಿಗೆ ನೀರು ಚುಚ್ಚಿದ್ಲು ಅಂತ ಊರಿಗೆ ಊರೇ ಅಂತೈತಿ. ಶುಕ್ರವಾರ ವಿಚಾರಣೆ. ಕೆಲಸ ಹೋದ್ರ ಹೋಗ್ಲಿ. ಕೂಸಿನ್ನ ಕೊಂದಾಕಿ ಅಂತ ಹೆಸರು ಹೊತ್ಕೊಂಡು ಹೆಂಗ ಬದುಕ್ಲಿ?”

ನಾಗಜ್ಯೋತಿ ನೀರು ಕೊಟ್ಟು, ಮೊದಲಿನಿಂದ ಹೇಳು ಎಂದಳು.

ಸುತ್ತಲಿನ ಹಳ್ಳಿಗಳಲ್ಲಿ ಲಸಿಕೆಗೆ ಹೆಸರಾದ ಊರೆಂದರೆ ಕೆಂಚನಬಾವಿ. ಅಲ್ಲಿ ಒಂದು ಕೂಸೂ ತಪ್ಪಿದ್ದಿಲ್ಲ. ಅಂಥ ಊರಿಗೇ ನಾಯಿಕೆಮ್ಮು ಬಂದಿತ್ತು. ಲಸಿಕೆ ಹಾಕಿಸಿಕೊಂಡ ಮಕ್ಕಳೇ ಉಸಿರು ಸಿಗದೆ ಕೆಮ್ಮಿ ಕೆಮ್ಮಿ ನೀಲಿಗಟ್ಟಿದವು. ಹೆಚ್ಚಿನವು ಉಳಿದವು, ಓಬಳೇಶ ಉಳಿಯಲಿಲ್ಲ. ಆಗತಾನೆ ತೆವಳಲು ಕಲಿಯುತ್ತಿದ್ದ ಕೂಸು. ಅವನ ಅಜ್ಜಿ ಪೀರಮ್ಮ ಆ ಊರಿನ ಆಶಾ ಕಾರ್ಯಕರ್ತೆ, ಮನೆಮನೆಗೆ ಹೋಗಿ ತಾಯಂದಿರನ್ನು ಸೂಜಿಗೆ ಕರೆತರುತ್ತಿದ್ದವಳು. ಗಾಯದ ಮೇಲೆ ಬರೆ ಎಂಬಂತೆ, ಅವನು ಹೋದ ಮೇಲೆ ಆರೋಗ್ಯ ಉಪಕೇಂದ್ರದೊಳಗೆ ಕೂಸಿನ ಕೆಮ್ಮು ಕೇಳಿಸತೊಡಗಿತ್ತು. ಊರವರು ಆ ಕಟ್ಟಡವನ್ನು ಸೂಜಿಮನೆ ಎನ್ನುತ್ತಾರೆ. ಅದರ ಹಿಂದಿನ ಕೋಣೆಗೆ ಬೀಗ. ಕೆಮ್ಮು ಬರುವುದು ಆ ಬೀಗದ ಆಚೆಯಿಂದ.

“ನೀನು ಕೇಳಿದ್ದೀಯಾ?”

“ಕೇಳೀನ್ರಿ. ಅವನದೇ ಕೆಮ್ಮು. ಈಗ ಒಬ್ಬ ತಾಯೀನೂ ಬರಾಂಗಿಲ್ಲ. ಹೊಸಾ ಕೂಸುಗಳು ಅದಾವ, ಬಾಣಂತ್ಯಾರು ಅದಾರ. ಇನ್ನೊಂದಕ್ಕ ಆ ಕೆಮ್ಮು ಹತ್ತಿದ್ರ ಏನ್ ಗತಿ?”

“ಸೀಸೆ ಮೇಲಿನ ಗುರುತು ನೋಡಿ ಹಾಕಿದಿಯಾ?”

“ಪ್ರತಿ ಸಲ. ಸೆಕೆ ತಗಲಿದ್ರ ಆ ಚೌಕ ಕರ್ರಗಾಗತೈತಿ. ಒಂದೂ ಕರ್ರಗಾಗಿರಲಿಲ್ಲ, ಬರಾಬರ್ ಇತ್ತು.”

ಮೇಷ್ಟರು ನಾಗಜ್ಯೋತಿಯ ಮುಖ ನೋಡಿದರು. ಅದು ಬಾಡಿತ್ತು. ಕೆಂಚನಬಾವಿ ಅವಳದೇ ಅಧ್ಯಯನದ ಊರು. ಕೂಲಿಗೆ ಹೋಗುವ ತಾಯಂದಿರು ಹಗಲು ಬರಲಾರರು, ದೀಪ ಹಚ್ಚುವ ಹೊತ್ತಿಗೆ ಸೂಜಿ ಹಾಕಿದರೆ ಬಂದಾರು ಎಂದು ಅಲ್ಲಿ ‘ಸಂಜೆ ಸೂಜಿ’ ಶುರು ಮಾಡಿಸಿದ್ದು ಅವಳು. ಬೆಳಗ್ಗೆ ಒಂದು ಸರದಿ ಮುಗಿಸಿ ಲಾವಣ್ಯ ಕುರಿಗಾರರ ದೊಡ್ಡಿಗಳಿಗೆ ಹೋಗುತ್ತಿದ್ದಳು. ಸಂಜೆಯ ಲಸಿಕೆಯಿದ್ದ ನೀಲಿ ಡಬ್ಬ, ಮಂಜುಗಡ್ಡೆಯ ಪಟ್ಟಿಗಳ ಸಮೇತ, ಸೂಜಿಮನೆಯಲ್ಲಿ ಪೀರಮ್ಮನ ಕಾವಲಿನಲ್ಲಿ ಇರುತ್ತಿತ್ತು. ಉಪಾಯ ಫಲಿಸಿ ಊರಿಗೆ ಊರೇ ಲಸಿಕೆ ಹಾಕಿಸಿಕೊಂಡಿತ್ತು. ಆ ಗೆಲುವಿನ ಬೆನ್ನಿಗೇ ಈಗ ಒಂದು ಸಾವು ಬಂದು ಕೂತಿತ್ತು.

“ನಡೀರಿ ಮೇಷ್ಟ್ರೇ, ಛತ್ರಿ ತಗೊಳ್ಳಿ,” ಎಂದಳು ನಾಗಜ್ಯೋತಿ.

ಅವರು ಕೆಂಚನಬಾವಿ ಮುಟ್ಟಿದಾಗ ಮಟಮಟ ಮಧ್ಯಾಹ್ನ. ಹೆಂಗಸರೆಲ್ಲ ಹತ್ತಿ ಹೊಲಕ್ಕೆ, ಕುರಿಗಳೆಲ್ಲ ಗುಡ್ಡಕ್ಕೆ ಹೋಗಿ ಊರು ಬಿಕೋ ಎನ್ನುತ್ತಿತ್ತು. ಕೂಸಿರುವ ಪ್ರತಿ ಮನೆಯ ಬಾಗಿಲಿಗೂ ಬೇವಿನ ಸೊಪ್ಪು ಕಟ್ಟಿತ್ತು. ಸೂಜಿಮನೆಯ ಚಿಲಕಕ್ಕೆ ಯಾರೋ ಕರಿದಾರ ಸುತ್ತಿ ಹಳೆಯ ಚಪ್ಪಲಿ ನೇತುಹಾಕಿದ್ದರು. ಆ ಚಪ್ಪಲಿಯ ಕೆಳಗೆ, ಹೊಸ್ತಿಲಿನ ಮೇಲೆ, ಬಿಳಿ ಕೂದಲಿನ ಒಬ್ಬ ಹೆಂಗಸು ಕೈಕಟ್ಟಿ ಕೂತಿದ್ದಳು. ಪೀರಮ್ಮ ಅಂದರೆ ಆಕೆಯೇ. ಎಲ್ಲರೂ ದೂರ ಓಡುವ ಜಾಗದಲ್ಲಿ ಆಕೆಯೊಬ್ಬಳು ದಿನವೂ ಹೀಗೆ ಕೂರುತ್ತಾಳೆ ಎಂದು ಆಟೋದವನು ಮೊದಲೇ ಹೇಳಿದ್ದ.

ಆ ಊರಲ್ಲಿ ಒಂದು ರೂಢಿಯಿತ್ತು. ಸೂಜಿಯ ಹೊತ್ತಿಗೆ ಹೆತ್ತವಳು ಕೂಸನ್ನು ಹಿಡಿಯುತ್ತಿರಲಿಲ್ಲ. ಹೆತ್ತ ಕೈ ನಡುಗಿದರೆ ಸೂಜಿಯೂ ನಡುಗೀತು ಎಂಬ ಮಾತು. ಕೂಸು ಕೂರುತ್ತಿದ್ದುದು ಪೀರಮ್ಮನ ಮಡಿಲಲ್ಲಿ. ಊರಿನ ಎಳೆಯರೆಲ್ಲ ಆ ಮಡಿಲಲ್ಲಿ ಅತ್ತವರೇ, ಓಬಳೇಶನೂ ಸೇರಿ. ಈಗ ಆ ಮಡಿಲಲ್ಲಿ ಎರಡು ಖಾಲಿ ಕೈಗಳಷ್ಟೇ ಬಿದ್ದಿದ್ದವು.

“ಲಾವಣ್ಯ ಅಂಥಾಕಿ ಅಲ್ರಿ,” ಎಂದಳು ಪೀರಮ್ಮ, ಕೇಳುವ ಮೊದಲೇ. “ನನ್ನ ಮೊಮ್ಮಗ ಹೋದ. ಅದಕ್ಕ ಇನ್ನೊಬ್ಬರ ಮಗಳಿನ್ನ ಯಾಕ ಬಲಿ ಕೊಡ್ತಾರ?”

“ಹಿಂದಿನ ಕೋಣೆ ನೋಡಬಹುದೇನಮ್ಮಾ?”

ಪೀರಮ್ಮನ ಕೈ ಸೆರಗಿನ ತುದಿಯ ಗಂಟಿಗೆ ಹೋಗಿ ಅಲ್ಲೇ ನಿಂತಿತು. “ಬೀಗದ ಕೈ ಕಳದೈತ್ರಿ. ಅಲ್ಲಿ ನನ್ನ ಕೂಸು ಅದಾನ. ತೆಗೀಬ್ಯಾಡ್ರಿ.”

ಮೇಷ್ಟರು ಒಳಗೆ ಹೋಗಿ ಆ ಕೋಣೆಯ ಬಾಗಿಲಿಗೆ ಕಿವಿಯಿಟ್ಟರು. ಒಳಗೆ ಏನೂ ಇಲ್ಲ. ಗಾಳಿಯೂ ಇಲ್ಲ. ನಾಗಜ್ಯೋತಿ ಒತ್ತಾಯ ಮಾಡಲಿಲ್ಲ. ಅವಳು ಮುಂದಿನ ಕೋಣೆಯಲ್ಲಿ ಕಣ್ಣಾಡಿಸಿ ಹೊರಬಂದಳು. ಕೂಸುಗಳನ್ನು ತೂಗುವ ಜೋಲಿ, ಗೋಡೆಯ ಮೇಲೆ ನಗುವ ಮಗುವಿನ ಚಿತ್ರ, ಮೂಲೆಯಲ್ಲಿ ಖಾಲಿ ನೀಲಿ ಡಬ್ಬ ಬಿಟ್ಟರೆ ಅಲ್ಲಿ ಬೇರೇನೂ ಇರಲಿಲ್ಲ.

ಎದುರು ಮನೆಯ ಹರಿತಾ ಅಂದು ಕೂಲಿಗೆ ಹೋಗಿರಲಿಲ್ಲ. ಅವಳ ಮಗಳು ಪಲ್ಲವಿಗೂ ಕೆಮ್ಮು ಬಂದು ಹೋಗಿತ್ತು. ಮಗು ಇನ್ನೂ ಸಣಕಲಾಗಿತ್ತು. ಹರಿತಾ ಮೊರದಿಂದ ಅದಕ್ಕೆ ಗಾಳಿ ಬೀಸುತ್ತಾ ಮಾತನಾಡಿದಳು.

“ಸೂಜಿ ಯಾವಾಗ ಹಾಕಿಸಿದಿ?”

“ಸಂಜೀಕ್ರಿ. ಹೋದ ಬ್ಯಾಸಗ್ಯಾಗ. ಕೂಲಿ ಬಿಟ್ಟು ಹಗಲು ಹೆಂಗ ಬರೋದು? ನನ್ನ ಓರಗಿತ್ತಿ ಬೀಡಿ ಕಟ್ಕೊಂಡು ಮನ್ಯಾಗs ಇರ್ತಾಳ, ಆಕಿ ಮುಂಜಾನೆ ಹಾಕಿಸಿದ್ಲು. ಆಕಿ ಮಗ ಗುಂಡಕಲ್ಲಿನಂಗ ಅದಾನ. ನನ್ನ ಕೂಸಿಗೆ ತೊಡಿ ಮ್ಯಾಲ ಗಂಟು ಬ್ಯಾರೆ ಕಟ್ಟಿತ್ತು, ತಿಂಗಳಾದ್ರೂ ಇಳೀಲಿಲ್ಲ.”

“ಪೀರಮ್ಮ ಹೆಂಗ?”

“ಅಂಥಾಕಿ ಸಿಗಾಂಗಿಲ್ಲ ಬಿಡ್ರಿ. ಬಿಸಿಲಾಗ ದುಡಿದು ಬಂದೀರಿ ಅಂತ ಐಸ್‌ ತುಂಡು ಹಾಕಿ ನೀರು ಕೊಡೋದು. ಮದ್ದಿನ ಬಾಟ್ಲಿ ಅಂಗೈಯಾಗ ಹಿಡಿದು ಬೆಚ್ಚಗ ಮಾಡಿ ನರ್ಸಮ್ಮಗ ಕೊಡೋದು, ತಣ್ಣನ ಮದ್ದು ಚುಚ್ಚಿದ್ರ ಕೂಸಿಗೆ ನೋವಾಗತೈತಂತ. ಹೆತ್ತ ತಾಯಿಗೂ ಅಷ್ಟು ಕರುಳಿಲ್ಲ.”

ತಲೆಯ ಮೇಲಿನ ಫ್ಯಾನು ಕಿರ್ರೆಂದು ತಿರುಗಲು ಶುರುವಾಯಿತು. ಹರಿತಾ ಮೊರ ಕೆಳಗಿಟ್ಟು ಸೆರಗಿನಿಂದ ಮಗುವಿನ ಬೆವರು ಒರೆಸಿದಳು.

ಆಗ ಕೇಳಿಸಿತು. ಖಕ್. ಖಕ್ ಖಕ್. ಖಕ್ ಖಕ್ ಖಕ್. ಆಮೇಲೆ ಒಂದು ನಿಲುಗಡೆ. ಉಸಿರು ಸಿಗದ ಎದೆಗೂಡು ಗಾಳಿಯನ್ನು ಎಳೆದುಕೊಳ್ಳುವಾಗ ಏಳುವಂಥ ಉದ್ದನೆಯ ಹೂಂಕಾರ. ಮತ್ತೆ ಖಕ್ ಖಕ್. ಹರಿತಾ ಮಗುವಿನ ಎರಡೂ ಕಿವಿ ಮುಚ್ಚಿ ಗೋಡೆಗೆ ಆತುಕೊಂಡಳು. “ಬಂದಾನ,” ಎಂದಳು, ಉಸಿರಿನಲ್ಲಿ.

ಮೇಷ್ಟರು ಎದ್ದು ನಿಂತರು. ಮತ್ತೆ ಕೂತರು. ಅವರಿಗೆ ಆ ಸದ್ದು ಗೊತ್ತಿತ್ತು. ಅವರು ಚಿಕ್ಕವರಿದ್ದಾಗ ತಂಗಿ ಲಿಂಗಕ್ಕನನ್ನು ಮಲಗಿಸಿದ್ದ ಕೋಣೆಯ ಗೋಡೆಯ ಈಚೆ ಕೂತು ಹಗಲೂ ಇರುಳೂ ಕೇಳಿದ ಸದ್ದು ಅದು. ಒಂದು ಬೆಳಗ್ಗೆ ಅದು ನಿಂತಾಗ, ಸದ್ಯ ತಂಗಿಗೆ ವಾಸಿಯಾಯಿತು ಎಂದು ಕುಣಿದಿದ್ದರು. ಮುದುಕರಾದರೂ ಆ ಕುಣಿತವನ್ನು ನೆನೆದರೆ ಅವರಿಗೆ ಊಟ ಸೇರುವುದಿಲ್ಲ.

ನಾಗಜ್ಯೋತಿ ಮಾತ್ರ ಸೂಜಿಮನೆಯ ಕಡೆ ನೋಡಲೇ ಇಲ್ಲ. ತಲೆ ಎತ್ತಿ ಫ್ಯಾನನ್ನು ನೋಡುತ್ತಿದ್ದಳು. ಸೆಕೆಯಿರಬೇಕು ಎಂದುಕೊಂಡರು ಮೇಷ್ಟರು.

ಹೊರಗೆ ಬಂದವಳೇ, “ಬಾಯಾರಿಕೆ ಮೇಷ್ಟ್ರೇ, ಏನಾದ್ರೂ ತಣ್ಣಗೆ ಕುಡಿಯೋಣ,” ಎಂದಳು. ಹೆಣದ ಕೆಮ್ಮು ಕೇಳಿ ಬಂದ ಬಾಯಿಗೆ ಸೋಡಾ ರುಚಿಸುವುದಾದರೂ ಹೇಗೆ ಎಂದು ಮೇಷ್ಟರಿಗೆ ಒಳಗೊಳಗೇ ಸಿಟ್ಟು.

ಪೆದ್ದಣ್ಣನ ಅಂಗಡಿ ಊರ ನಡುವೆ. ದೊಡ್ಡ ಬಾಯಿಯ ಮನುಷ್ಯ. ನೀರು ಚುಚ್ಚಿದ ಸುದ್ದಿ ಹುಟ್ಟಿದ್ದೇ ಅವನ ಬೆಂಚಿನ ಮೇಲೆ. “ಮುಂಜಾನಿ ಹಾಕಿಸಿದವರಿಗೆ ಅಸಲಿ, ಸಂಜೀಕ ಬಂದ ಬಡವರಿಗೆ ನೀರು,” ಎಂದು ಇವರ ಮುಂದೆಯೂ ಶುರು ಮಾಡಿದ. “ಇಲ್ಲಾಂದ್ರ ಈ ಎರ್ರಿಸ್ವಾಮಿದು ತಪ್ಪು. ಡಬ್ಬ ಬೈಕ್‌ ಮ್ಯಾಲ ಬಿಸಿಲಿಗೆ ಬಿಟ್ಟು ಹುಣಸಿಮರದ ಕೆಳಗ ನಿದ್ದಿ ಹೊಡೀತಾನ.”

ದವಾಖಾನೆಯಿಂದ ಲಸಿಕೆಯ ಡಬ್ಬ ತರುವ ಎರ್ರಿಸ್ವಾಮಿ ಅಲ್ಲೇ ಬೀಡಿ ಸೇದುತ್ತಿದ್ದ. ಅವನ ಮುಖ ಕಪ್ಪಿಟ್ಟಿತು. “ಮಲಗಿದ್ದು ಖರೆ. ಆದ್ರ ಡಬ್ಬ ಕೊಟ್ಟು ವಾಪಸ್ ಬರೋವಾಗ್ರಿ, ತರೋವಾಗ ಅಲ್ಲ. ಬೇಕಾದ್ರ ನನ್ನ ಮಗಳ ತಲಿ ಮುಟ್ಟಿ ಹೇಳ್ತೀನಿ.”

“ನಿಮ್ಮ ಫ್ರಿಜ್ಜು ಚೆನ್ನಾಗೈತಿ,” ಎಂದಳು ನಾಗಜ್ಯೋತಿ, ಈ ಜಗಳಕ್ಕೂ ತನಗೂ ಸಂಬಂಧವೇ ಇಲ್ಲದವಳಂತೆ. ಪೆದ್ದಣ್ಣನ ಎದೆ ಉಬ್ಬಿತು. ಹೋದ ವರ್ಷದ ಯುಗಾದಿಗೆ ತಂದದ್ದು, ಕಂಪನಿಯ ಚೀಟಿಯನ್ನೂ ಇನ್ನೂ ಕಿತ್ತಿಲ್ಲ ಎಂದ.

ಆದೋನಿಗೆ ವಾಪಸಾಗುವ ಬಸ್ಸಿನಲ್ಲಿ ಅವಳು ಒಂದೇ ಮಾತು ಆಡಿದಳು. “ಮೇಷ್ಟ್ರೇ, ನಾವು ಬಾಗಿಲಿಗೆ ಕಿವಿ ಇಟ್ಟಾಗ ಕೂಸು ಯಾಕೆ ಕೆಮ್ಮಲಿಲ್ಲ?”

ಮೇಷ್ಟರ ಕಿವಿಯಲ್ಲಿ ಲಿಂಗಕ್ಕ ಕೆಮ್ಮುತ್ತಿದ್ದಳು.

ಮನೆಗೆ ಬಂದು ನಾಗಜ್ಯೋತಿ ಕಾಗದದಲ್ಲಿ ಸುತ್ತಿದ ಏನನ್ನೋ ಮೇಷ್ಟರ ಅಡಿಗೆಮನೆಯಲ್ಲಿಟ್ಟು, ಶುಕ್ರವಾರದವರೆಗೆ ಅದನ್ನು ಮುಟ್ಟಿದರೆ ಮಹಡಿ ಖಾಲಿ ಮಾಡುತ್ತೇನೆ ಎಂದು ಹೆದರಿಸಿ ಹೋದಳು.

ಶುಕ್ರವಾರ ಬೇವಿನಮರದ ನೆರಳಿಗೆ ಊರು ಕೂಡಿತು. ವಿಚಾರಣೆಗೆ ಬಂದ ಅಧಿಕಾರಿ ಸೋಮಶೇಖರಪ್ಪ ಕುರ್ಚಿಯಲ್ಲಿ. ಲಾವಣ್ಯ ದೂರದಲ್ಲಿ ಒಬ್ಬಳೇ, ಅವಳ ಪಕ್ಕ ಕೂರಲು ಒಬ್ಬರೂ ಇಲ್ಲ. ಎಲ್ಲರಿಗಿಂತ ಮೊದಲೇ ಬಂದಿದ್ದ ನಾಗಜ್ಯೋತಿ ಸೂಜಿಮನೆಯ ಹೊಸ್ತಿಲಲ್ಲಿ ಪೀರಮ್ಮನ ಪಕ್ಕ ಕೂತು ಬಹಳ ಹೊತ್ತು ಮೆಲ್ಲಗೆ ಏನೋ ಹೇಳಿದಳು. ಮೇಷ್ಟರಿಗೆ ಮಾತು ಕೇಳಿಸಲಿಲ್ಲ. ಪೀರಮ್ಮ ತಿರುಗಿ ಬಾಗಿಲಿಗೆ ಹಣೆ ಒತ್ತಿ ನಿಂತದ್ದು ಮಾತ್ರ ಕಂಡಿತು. ಆಮೇಲೆ ಕಣ್ಣೊರೆಸಿಕೊಂಡು ಬಂದು ಜನರ ನಡುವೆ ಕೂತಳು.

“ಪತ್ತೇದಾರಿಕೆ ಬೇಡಮ್ಮ, ನೀರೋ ಮದ್ದೋ ಅಷ್ಟು ಹೇಳಿಬಿಡಿ,” ಎಂದರು ಸೋಮಶೇಖರಪ್ಪ, ಗಡಿಯಾರ ನೋಡುತ್ತಾ.

“ಹೇಳ್ತೀನಿ ಸರ್. ಎಲ್ಲರಿಗೂ ಅರ್ಥವಾಗೋ ಹಾಗೆ ಹೇಳ್ತೀನಿ.” ನಾಗಜ್ಯೋತಿ ಎದ್ದು ನಿಂತಳು. “ಕೆಮ್ಮು ಬಂದ ಮಕ್ಕಳ ತಾಯಂದಿರು ಕೈ ಎತ್ತಿ.”

ಕೈಗಳು ಎದ್ದವು.

“ಇವರಲ್ಲಿ ಮುಂಜಾನೆ ಸೂಜಿ ಹಾಕಿಸಿದವರು ಕೈ ಇಳಿಸಿ.”

ಒಂದು ಕೈಯೂ ಇಳಿಯಲಿಲ್ಲ. ತಾಯಂದಿರು ಒಬ್ಬರ ಮುಖ ಒಬ್ಬರು ನೋಡಿದರು.

“ಅದೇ ನರ್ಸು. ಅದೇ ದಿನ ಎರ್ರಿಸ್ವಾಮಿ ತಂದ ಅದೇ ಮದ್ದು. ಮುಂಜಾನೆ ಹಾಕಿಸಿದವರು ಉಳಿದರು, ಸಂಜೆ ಹಾಕಿಸಿದವರಿಗೆ ಕೆಮ್ಮು ಬಂತು. ಹಂಗಂದ ಮೇಲೆ ಕೇಡು ನಡೆದದ್ದು ನಡುವಿನ ಮಧ್ಯಾಹ್ನ.”

“ನಾನೂ ಅದೇ ಅಂದದ್ದು!” ಪೆದ್ದಣ್ಣ ಎದ್ದ. “ಮಧ್ಯಾಹ್ನ ಮದ್ದು ಮಾರಿ ನೀರು ತುಂಬ್ಯಾಳ.”

“ನೀರು ಚುಚ್ಚಿದರೆ ತೊಡೆ ಮೇಲೆ ತಿಂಗಳುಗಟ್ಟಲೆ ಗಂಟು ನಿಲ್ಲೋದಿಲ್ಲ ಪೆದ್ದಣ್ಣ. ಸಂಜೆ ಮಕ್ಕಳಿಗೆ ಗಂಟು ಕಟ್ಟಿತ್ತು. ಒಳಗೆ ಹೋದದ್ದು ಮದ್ದೇ, ಆದರೆ ಸತ್ತ ಮದ್ದು. ಬಿಸಿಲಿಗೆ ಸತ್ತಿತೋ? ಬಿಸಿಲು ತಗಲಿದ್ದರೆ ಸೀಸೆಯ ಚೌಕ ಕರ್ರಗಾಗಿ ಚಾಡಿ ಹೇಳ್ತಿತ್ತು. ಅದು ಬೆಳ್ಳಗೇ ಇತ್ತು. ಎರ್ರಿಸ್ವಾಮಿ ನಿದ್ದೆ ಮಾಡಿರಬಹುದು, ಪಾಪ ಮಾಡಿಲ್ಲ. ಈ ಮದ್ದಿಗೆ ಇನ್ನೊಬ್ಬ ಶತ್ರು ಇದ್ದಾನೆ. ಅವನು ಬಂದು ಹೋದರೆ ಚೌಕಕ್ಕೆ ಗೊತ್ತೇ ಆಗೋದಿಲ್ಲ.”

ಅವಳು ಚೀಲದಿಂದ ಎರಡು ಪುಟ್ಟ ಸೀಸೆ ತೆಗೆದಳು. “ಇದು ದವಾಖಾನೆಯಿಂದ ತಂದದ್ದು. ಇದೂ ಅಲ್ಲಿಯದೇ, ಆದರೆ ಮೇಷ್ಟರ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಗಡ್ಡೆಕಟ್ಟಿಸಿ ಮತ್ತೆ ಕರಗಿಸಿದ್ದು.” ಎರಡನ್ನೂ ಒಂದೇ ಕೈಯಲ್ಲಿ ಹಿಡಿದು ಕುಲುಕಿ ಮೇಜಿನ ಮೇಲಿಟ್ಟಳು. ಎರಡೂ ಮಜ್ಜಿಗೆಯಂತೆ ಬೆಳ್ಳಗಾದವು. ಜನ ಬಗ್ಗಿ ನೋಡಿದರು. ನೋಡುತ್ತಾ ಇದ್ದಂತೆ ಒಂದು ಸೀಸೆ ಹಾಗೇ ಉಳಿಯಿತು. ಇನ್ನೊಂದರಲ್ಲಿ ಒಡೆದ ಹಾಲಿನಂತೆ ಚೂರುಗಳೆದ್ದು ತಳಕ್ಕಿಳಿದು, ಮೇಲೆ ಬರೀ ತಿಳಿನೀರು ನಿಂತಿತು.

“ಈ ಮದ್ದು ತಣ್ಣಗಿರಬೇಕು, ಗಡ್ಡೆ ಕಟ್ಟಬಾರದು. ಒಮ್ಮೆ ಗಡ್ಡೆ ಕಟ್ಟಿದರೆ ಸತ್ತಂತೆ. ಕರಗಿದ ಮೇಲೆ ಥಟ್ಟನೆ ನೋಡಿದವರಿಗೆ ಗೊತ್ತಾಗೋದಿಲ್ಲ. ಸಂಜೆಯ ಮಬ್ಬಿನಲ್ಲಿ, ಸಾಲುಗಟ್ಟಿ ಕೂತ ತಾಯಂದಿರ ನಡುವೆ, ಲಾವಣ್ಯಗೂ ಗೊತ್ತಾಗಲಿಲ್ಲ.”

“ಗಡ್ಡೆ ಕಟ್ಟೋಕೆ ಈ ಊರಲ್ಲಿ ಐಸ್‌ ಎಲ್ಲಿಂದ ಬಂತಮ್ಮಾ? ಡಬ್ಬದಲ್ಲಿ ಅಷ್ಟು ಥಂಡಿ ಇರೋದಿಲ್ಲ,” ಎಂದರು ಸೋಮಶೇಖರಪ್ಪ. ಅವರು ಗಡಿಯಾರವನ್ನು ಮರೆತಿದ್ದರು.

“ಸರಿಯಾದ ಪ್ರಶ್ನೆ ಸರ್. ನನಗೆ ಹರಿತಾ ಹೇಳಿದ ಎರಡು ಮಾತು ತಲೆಯಲ್ಲಿ ಕೂತುಬಿಟ್ಟವು. ಸುಡುಬೇಸಿಗೆಯ ಸಂಜೆ ಸೂಜಿಮನೆಯಲ್ಲಿ ನೀರಿಗೆ ಐಸ್‌ ತುಂಡು ಬೀಳ್ತಿತ್ತು. ಮತ್ತೆ, ಮದ್ದಿನ ಸೀಸೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಬೇಕಾಗ್ತಿತ್ತು. ಮಧ್ಯಾಹ್ನವೆಲ್ಲ ಆ ಡಬ್ಬದಲ್ಲಿದ್ದ ಸೀಸೆ ಅಷ್ಟೊಂದು ಕೊರೆಯೋದಿಲ್ಲ. ಪೆದ್ದಣ್ಣ, ಹೊಸ ಫ್ರಿಜ್ಜು ಬಂದ ಮೇಲೆ ಹಳೇದನ್ನ ಏನು ಮಾಡಿದಿರಿ?”

ಪೆದ್ದಣ್ಣನ ದೊಡ್ಡ ಬಾಯಿ ಮೊದಲ ಸಲ ಮುಚ್ಚಿತು. ಅವನು ಜನರ ನಡುವೆ ಯಾರನ್ನೋ ಹುಡುಕಿದ. ಹುಡುಕಿದ ಕಣ್ಣು ಕೆಳಗಾಯಿತು.

ಸರಿಯಾಗಿ ಆಗ ಬೀದಿಯ ತುದಿಯ ಗಿರಣಿ ಗುರ್ರೆಂದಿತು. ಯಾರದೋ ಮನೆಯಲ್ಲಿ ಟಿವಿ ಬಾಯಿಬಿಟ್ಟಿತು. ಕರೆಂಟು ಬಂದಿತ್ತು. ನಾಗಜ್ಯೋತಿ ಒಂದು ಬೆರಳೆತ್ತಿದಳು.

ಖಕ್. ಖಕ್ ಖಕ್. ಆಮೇಲೆ ಆ ಹೂಂಕಾರ.

ಹೆಂಗಸರು ಚೀರಿ ಮಕ್ಕಳನ್ನು ಅವಚಿಕೊಂಡರು.

“ಹೆದರಬೇಡಿ. ಕರೆಂಟು ಇಲ್ಲದಾಗ ಈ ಕೂಸು ಒಮ್ಮೆಯಾದರೂ ಕೆಮ್ಮಿದೆಯಾ, ನೆನಪು ಮಾಡಿಕೊಳ್ಳಿ. ಅವತ್ತು ನಾವು ಕಿವಿ ಇಟ್ಟಾಗ ಕರೆಂಟಿರಲಿಲ್ಲ, ಕೆಮ್ಮಿರಲಿಲ್ಲ. ಹರಿತಾಳ ಮನೆಯ ಫ್ಯಾನು ತಿರುಗಿತು, ಕೂಸು ಕೆಮ್ಮಿತು. ದೆವ್ವಕ್ಕೆ ಕರೆಂಟು ಬೇಕಾಗೋದಿಲ್ಲ. ವೋಲ್ಟೇಜ್ ಸಾಲದ ಊರಲ್ಲಿ ಹಳೇ ಫ್ರಿಜ್ಜಿನ ಮೋಟಾರು ಹೀಗೇ ಚಾಲೂ ಆಗೋಕೆ ಒದ್ದಾಡುತ್ತೆ.” ಅವಳು ಬೆರಳಿಳಿಸಿದಳು. “ಅದರಲ್ಲಿ ಮದ್ದು ಇಟ್ಟವರು ಕೇಡು ಬಗೆದು ಇಡಲಿಲ್ಲ. ಬಿಸಿಲಿಗೆ ಮದ್ದು ಕೆಟ್ಟೀತು ಅಂತ ಹೆದರಿ ಇಟ್ಟರು. ಸಂಜೆವರೆಗೆ ಮದ್ದು ಕಾಯಿರಿ ಅಂತ ಹೇಳಿ ಹೋದವಳು ನಾನು. ಆ ಮಧ್ಯಾಹ್ನ ಇಲ್ಲಿ ಹೆಂಗಿರುತ್ತೆ ಅಂತ ಒಂದು ದಿನವಾದರೂ ಬಂದು ಕೂತು ನೋಡಲಿಲ್ಲ. ತಪ್ಪಿನಲ್ಲಿ ನನ್ನ ಪಾಲು ದೊಡ್ಡದು. ಇಟ್ಟವರ ಹೆಸರು ಬೇಕಾಗಿಲ್ಲ, ಸರ್.”

“ಬೇಕು,” ಎಂದಿತು ಒಂದು ದನಿ.

ಪೀರಮ್ಮ ಎದ್ದು ನಿಂತಿದ್ದಳು.

“ಲಾವಣ್ಯಗ ಮಸಿ ಹಚ್ಚಿದ್ದು ಎಲ್ಲರ ಮುಂದ. ತೊಳಿಯೋದೂ ಎಲ್ಲರ ಮುಂದs ಆಗ್ಲಿ. ಇಟ್ಟಾಕಿ ನಾನು.” ಆಕೆಯ ದನಿ ಗಟ್ಟಿಯಾಗಿಯೇ ಇತ್ತು. “ಪೆದ್ದಣ್ಣ ಹಳೇ ಪೆಟ್ಟಿಗಿ ಮೂಲಿಗೆ ಬಿಸಾಕಿದ್ದ. ತಾಯಂದಿರಿಗೆ ತಣ್ಣನ ನೀರಿಗಾಗತೈತಿ ಕೊಡಪ್ಪಾ ಅಂತ ನಾನೇ ಬೇಡಿದೆ. ಮದ್ದು ಕಂಡ ಕಂಡಲ್ಲಿ ಇಡಬಾರದು ಅಂತ ಕಾನೂನೈತಿ, ಅದಕ್ಕ ಯಾರಿಗೂ ಹೇಳಲಿಲ್ಲ. ಬಿಸಿಲಿಗೆ ಡಬ್ಬದಾಗಿನ ಐಸ್‌ ಕರಗೋದು ನೋಡಿ ನನ್ನ ಜೀವ ಹೊಯ್ದಾಡ್ತಿತ್ತು. ತಣ್ಣಗಿದ್ದಷ್ಟೂ ಮದ್ದಿಗೆ ಬಲ ಅನ್ಕೊಂಡೆ. ಎಲ್ಲಾಕ್ಕಿಂತ ತಣ್ಣಗಿರೋ ಮ್ಯಾಲಿನ ಖಾನಿಯಾಗ ಇಟ್ಟೆ. ಓಬಳೇಶಂದೂ ಸಂಜಿ ಸೂಜೀನೇ. ಅವರವ್ವ ಕೂಲಿಗೆ ಹೋಗಿದ್ಲು. ಇದೇ ಕೈಯಾಗ ಬಾಟ್ಲಿ ಬೆಚ್ಚಗ ಮಾಡಿ ಕೊಟ್ಟೆ.”

ಕೆಮ್ಮು ಇನ್ನೂ ನಿಂತಿರಲಿಲ್ಲ.

“ಹಂಗಾದ್ರ ಅದು ಪೆಟ್ಟಿಗಿ ಸದ್ದು ಅಂತ ನಿನಗೆ ಗೊತ್ತಿತ್ತೇನು?” ಹರಿತಾ ಕೇಳಿದಳು. ಅವಳ ದನಿಯಲ್ಲಿ ಸಿಟ್ಟೂ ಇತ್ತು, ಅಳುವೂ ಇತ್ತು. “ಊರೆಲ್ಲ ಹೆದರಿ ಸಾಯೋವಾಗ ಯಾಕ ಹೇಳಲಿಲ್ಲ?”

“ಗೊತ್ತಿತ್ತವ್ವಾ. ಮೊದಲು ಗುಂಯ್ ಅಂತಿತ್ತು ಅಷ್ಟೇ. ಅವನು ಹೋದ ಮ್ಯಾಲ ಹಿಂಗ ಕೆಮ್ಮಾಕ ಹತ್ತಿತು. ಪೆಟ್ಟಿಗಿ ಅಂತ ಗೊತ್ತು, ಆದ್ರ ಕೆಮ್ಮೋದು ಅವನಂಗ. ವೈರು ಕಿತ್ತು ಬಿಡೋಣು ಅಂತ ದಿನಾ ಬರ್ತೀನಿ. ಕಿತ್ರ ಅದೂ ಹೋಗತೈತಿ. ಹೆಂಗ ಕೀಳ್ಲಿ? ಅವನದು ಅಂತ ನನಗ ಉಳಿದಿದ್ದು ಅದೊಂದೇ.”

ಪೀರಮ್ಮ ಸೆರಗಿನ ಗಂಟು ಬಿಚ್ಚಿ ಬೀಗದ ಕೈ ತೆಗೆದಳು. ಚಿಲಕದ ಚಪ್ಪಲಿಯನ್ನು ತಾನೇ ಕಿತ್ತೆಸೆದು ಒಳಗೆ ಹೋದಳು. ಹಿಂದೆ ನಾಗಜ್ಯೋತಿ, ಸೋಮಶೇಖರಪ್ಪ, ಮೇಷ್ಟರು. ಕಿಟಕಿಗೆ ಗೋಣಿತಟ್ಟು ಹೊಡೆದ ಕತ್ತಲೆ ಕೋಣೆಯಲ್ಲಿ, ಬಣ್ಣ ಹೋದ ಒಂದು ಫ್ರಿಜ್ಜು ಮೈಯೆಲ್ಲ ನಡುಗಿಸಿಕೊಂಡು ಕೆಮ್ಮುತ್ತಿತ್ತು. ಅದರ ಮೇಲೆ ಕೂಸಿನ ಒಂದು ಕುಲಾವಿ. ಮೇಲಿನ ಖಾನೆ ತೆಗೆದಾಗ ಬಿಳಿ ಹಿಮದ ಗೋಡೆಯಲ್ಲಿ ಹೂತುಹೋದ ಒಂದು ಸೀಸೆ ಕಂಡಿತು. ಸೋಮಶೇಖರಪ್ಪ ಅದನ್ನು ನೋಡಿ, ಹೊರಗೆ ಬಂದು, ಲಾವಣ್ಯಳ ಎದುರು ನಿಂತು ಕೈ ಮುಗಿದರು. ಅವಳು ಗಳಗಳ ಅತ್ತಳು.

ಒಳಗೆ ಪೀರಮ್ಮ ವೈರನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ನಾಗಜ್ಯೋತಿ ಸಹಾಯಕ್ಕೆ ಕೈ ಚಾಚಲಿಲ್ಲ. ಆ ಮುದುಕಿ ಕುಲಾವಿಯನ್ನು ಎತ್ತಿ ಎದೆಗೆ ಒತ್ತಿಕೊಂಡು, ಇನ್ನೊಂದು ಕೈಯಿಂದ ಎಳೆದಳು.

ಖಕ್ ಎಂದದ್ದು ಅರ್ಧಕ್ಕೇ ನಿಂತಿತು. ಮೇಷ್ಟರು ಗೋಡೆ ಹಿಡಿದುಕೊಂಡರು. ಅಂಥದೊಂದು ನಿಶ್ಶಬ್ದವನ್ನು ಅವರು ಬದುಕಿನಲ್ಲಿ ಹಿಂದೊಮ್ಮೆ ಕೇಳಿದ್ದರು. ಈ ಸಲ ಅವರಿಗೆ ಅದರ ಅರ್ಥ ಗೊತ್ತಿತ್ತು.

ಸಂಜೆ ಸೂಜಿ ಪಡೆದ ಮಕ್ಕಳಿಗೆಲ್ಲ ಮತ್ತೆ ಲಸಿಕೆ ಹಾಕಬೇಕೆಂದು ತೀರ್ಮಾನವಾಯಿತು. ತೀರ್ಮಾನ ಮಾಡುವುದು ಸುಲಭ, ತಾಯಂದಿರು ಬರಬೇಕಲ್ಲ? ಮುಂದಿನ ಬುಧವಾರ ನಾಗಜ್ಯೋತಿ ಬೆಳಗಿನಿಂದಲೇ ಸೂಜಿಮನೆಯಲ್ಲಿ ಬಂದು ಕೂತಳು. ಮಧ್ಯಾಹ್ನವೆಲ್ಲ ಡಬ್ಬದ ಪಕ್ಕವೇ ಇದ್ದು, ಅದರೊಳಗೆ ಇಟ್ಟ ತಾಪಮಾಪಕವನ್ನು ನೋಡುತ್ತಾ ಬೆವರಿದಳು. ಡಬ್ಬ ಸಂಜೆಯವರೆಗೂ ತಣ್ಣಗೇ ಇತ್ತು. ಅದಕ್ಕೆ ಯಾರ ಸಹಾಯವೂ ಬೇಕಾಗಿರಲಿಲ್ಲ. ಪೀರಮ್ಮ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಬರಬೇಡ ಎಂದು ಯಾರೂ ಅಂದಿರಲಿಲ್ಲ, ಬಾ ಎಂದೂ ಅಂದಿರಲಿಲ್ಲ.

ದೀಪ ಹಚ್ಚುವ ಹೊತ್ತಾಯಿತು. ಹೊಲದಿಂದ ಹೆಂಗಸರು ಬಂದರು, ಬಾಗಿಲಾಚೆಯೇ ನಿಂತರು. ತಲೆಗೂದಲಿನಲ್ಲಿ ಹತ್ತಿಯ ಎಳೆ, ಕಂಕುಳಲ್ಲಿ ಕೂಸು. ಒಬ್ಬರೂ ಹೊಸ್ತಿಲು ದಾಟಲಿಲ್ಲ. ಲಾವಣ್ಯ ಸೂಜಿ ಹಿಡಿದು ಕಾಯುತ್ತಿದ್ದಳು.

ಹರಿತಾ ಗುಂಪನ್ನು ಸರಿಸಿ ಒಳಗೆ ಬಂದಳು. ಲಾವಣ್ಯಳ ಕಡೆ ಹೋಗದೆ ನೆಟ್ಟಗೆ ಮೂಲೆಗೆ ನಡೆದು, ಪಲ್ಲವಿಯನ್ನು ಪೀರಮ್ಮನ ಮಡಿಲಲ್ಲಿ ಕೂರಿಸಿದಳು.

“ಹಿಡಕೋಬೇ. ನನ್ನ ಕೈ ನಡುಗತಾವ.”

ಪೀರಮ್ಮ ಮೇಲೆ ನೋಡಿದಳು. ಲಾವಣ್ಯ ಡಬ್ಬದಿಂದ ಸೀಸೆ ತೆಗೆದಳು. ರೂಢಿಯ ಬಲ ದೊಡ್ಡದು. ಪೀರಮ್ಮನ ಅಂಗೈ ತಾನಾಗಿಯೇ ಅದರ ಕಡೆ ಚಾಚಿತು. ಅರ್ಧ ದಾರಿಯಲ್ಲಿ ನಿಂತಿತು. ಹಿಂದೆ ಸರಿದು ಕೂಸಿನ ಕಾಲನ್ನು ಹಿಡಿಯಿತು.

“ಇದ್ದಂಗs ಹಾಕವ್ವಾ,” ಎಂದಳು ಪೀರಮ್ಮ. “ಅಳಲಿ.”

ಸೂಜಿ ಇಳಿಯಿತು. ಪಲ್ಲವಿ ಒಂದು ಕ್ಷಣ ಬೆರಗಾಗಿ ನೋಡಿ, ಎದೆ ತುಂಬ ಗಾಳಿ ಎಳೆದುಕೊಂಡು, ಸೂಜಿಮನೆಯ ಮಾಡು ಹಾರಿಹೋಗುವಂತೆ ಅತ್ತಿತು. ಆ ಅಳು ಹಿಂದಿನ ಖಾಲಿ ಕೋಣೆಗೂ ಹೋಯಿತು, ಬೀದಿಗೂ ಹೋಯಿತು. ಬಾಗಿಲಾಚೆ ನಿಂತವರು ಅದನ್ನು ಕಿವಿಗೊಟ್ಟು ಕೇಳಿದರು. ಪೀರಮ್ಮ ಕೂಸನ್ನು ಸಮಾಧಾನ ಮಾಡಲಿಲ್ಲ, ಸುಮ್ಮನೆ ಹಿಡಿದುಕೊಂಡಿದ್ದಳು. ಆಮೇಲೆ ಒಬ್ಬೊಬ್ಬರೇ ಹೊಸ್ತಿಲು ದಾಟಿ ಒಳಗೆ ಬಂದು ಸಾಲಾಗಿ ಕೂತರು.